ಬಿಳಿಕೊಕ್ಕರೆ ಬೆಟ್ಟಕ್ಕೆ ಬಂದ ರಾಣಿ

ಬಿಳಿಕೊಕ್ಕರೆ ಬೆಟ್ಟದ ಭಿಕ್ಷುಣಿ ವಿಹಾರಕ್ಕೆ ಪೂಜ್ಯ ಜಿಂಗ್‌ಯಿನ್ ಮಾತೆಯವರ ದರ್ಶನಕ್ಕೆಂದು ಬಂದವರು ಸಾಮಾನ್ಯವಾಗಿ ನೇರ ಬುದ್ಧಮಂದಿರಕ್ಕೆ ಹೋಗುತ್ತಿದ್ದರು. ಅಲ್ಲಿ ಮಾತೆಯವರು ಸಿಗುತ್ತಿರಲಿಲ್ಲ. ಹಿತ್ತಲಿನ ಅಡುಗೆಮನೆಯಲ್ಲಿ, ಹೊಗೆ ಹಿಡಿದು ಕಪ್ಪಾದ ಗೋಡೆಯ ಪಕ್ಕ, ಒಲೆಗೆ ಪುರಳೆ ಕಡ್ಡಿ ಒಡ್ಡುತ್ತಾ ಕುಳಿತಿರುತ್ತಿದ್ದರು. ಎಪ್ಪತ್ತರ ಸಮೀಪದ ವಯಸ್ಸು, ಬೋಳಿಸಿದ ತಲೆ, ಮೊಣಕೈ ಬಳಿ ತೇಪೆ ಹಾಕಿದ ಬೂದುಬಣ್ಣದ ನಿಲುವಂಗಿ. ಗುರುತು ಸಿಗದವರು, "ಅಜ್ಜೀ, ಮಾತೆಯವರು ಎಲ್ಲಿದ್ದಾರೆ?" ಎಂದು ಅವರನ್ನೇ ಕೇಳಿದ್ದುಂಟು. "ಕೂತುಕೊಳ್ಳಿ, ಸಿಗುತ್ತಾರೆ. ಅಷ್ಟರಲ್ಲಿ ಒಂದಿಷ್ಟು ಗಂಜಿ ಕುಡಿಯಿರಿ" ಎನ್ನುತ್ತಿದ್ದರಂತೆ.

ಚೀನಾ ದೇಶವನ್ನು ಚಕ್ರವರ್ತಿಗಳು ಆಳುತ್ತಿದ್ದ ಕಾಲವದು. ಹಿಂದಿನ ವರ್ಷ ಪಟ್ಟದರಸಿ ತೀರಿಕೊಂಡಿದ್ದರು. ಆ ಪಟ್ಟಕ್ಕೆ ಯಾರನ್ನು ಕೂರಿಸಬೇಕೆಂಬ ತೀರ್ಮಾನವನ್ನು ಚಕ್ರವರ್ತಿಗಳು ತಮ್ಮ ತಾಯಿಗೇ ಬಿಟ್ಟಿದ್ದರು. ರಾಜಮಾತೆಯ ಮುಂದೆ ಇದ್ದದ್ದು ಎರಡೇ ಹೆಸರು. ಒಂದು, ಆರು ವರ್ಷದ ರಾಜಕುಮಾರ ರುಯಿಯ ತಾಯಿ, ಮಿತಭಾಷಿಯಾದ ರಾಣಿ ಮೆಂಗ್. ಇನ್ನೊಂದು, ಮಕ್ಕಳಿಲ್ಲದ ರಾಣಿ ಸುಯಿಂಗ್.

ಸುಯಿಂಗ್ ದೊಡ್ಡ ಮನೆತನದವಳಲ್ಲ. ದಕ್ಷಿಣದ ಒಂದು ಊರಿನಲ್ಲಿ ಅವಳ ತಾಯಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸದವಳು. ಕುದಿನೀರಿನ ಬಾಣಲೆಯಲ್ಲಿ ಕೈಯಾಡಿಸಿ ಮಗಳ ಬೆರಳುಗಳೂ ಎಳವೆಯಲ್ಲೇ ಬೆಂದಿದ್ದವು. ಹದಿನೈದಕ್ಕೆ ಅರಮನೆಯ ನೂಲಿನ ಶಾಲೆಗೆ ಆಳಾಗಿ ಬಂದವಳು, ಹಿರಿಯ ದಾಸಿಯೊಬ್ಬಳ ಕಾಲೊತ್ತಿ ಅಕ್ಷರ ಕಲಿತಳು. ಕಣ್ಣು ಮಂದವಾಗಿದ್ದ ಗ್ರಂಥಪಾಲಕರಿಗೆ ಓದಿ ಹೇಳುತ್ತಾ ಹೇಳುತ್ತಾ ಚಕ್ರವರ್ತಿಗಳಿಗೇ ಅರ್ಜಿಗಳನ್ನು ಓದಿ ಹೇಳುವಷ್ಟಾದಳು, ಕೊನೆಗೆ ರಾಣಿಯಾದಳು. ಒಂದೊಂದು ಮೆಟ್ಟಿಲನ್ನೂ ಅವಳು ತನ್ನ ಬುದ್ಧಿಯಿಂದಲೇ ಹತ್ತಿದ್ದಳು. ಉಳಿದಿದ್ದ ಒಂದೇ ಒಂದು ಮೆಟ್ಟಿಲು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಅದಕ್ಕೊಂದು ಉಪಾಯ ಹೂಡಿದಳು. ರಾಜಕುಮಾರನ ಜನ್ಮನಕ್ಷತ್ರ ಸಿಂಹಾಸನಕ್ಕೆ ಕೇಡು ತರುವಂಥದ್ದು, ಮಗುವನ್ನು ಉತ್ತರದ ಗಡಿಗೆ ಕಳಿಸಿ ಅಲ್ಲೇ ಬೆಳೆಸಬೇಕು ಎಂದು ಆಸ್ಥಾನದ ಜ್ಯೋತಿಷಿಯ ಕೈಯಲ್ಲಿ ಓಲೆ ಬರೆಸಿದಳು. ಮಗು ದೂರವಾದರೆ ಮೆಂಗ್‌ಳ ಹೆಸರೂ ತಾನಾಗಿ ಬಿದ್ದುಹೋಗುತ್ತದೆ. ಆದರೆ ರಾಜಮಾತೆ ಜ್ಯೋತಿಷಿಗಳ ಮಾತನ್ನು ಅಷ್ಟು ಸುಲಭವಾಗಿ ನಂಬುವವರಲ್ಲ. ಅವರು ಕಣ್ಣುಮುಚ್ಚಿ ನಂಬುತ್ತಿದ್ದುದು ಜಿಂಗ್‌ಯಿನ್ ಮಾತೆಯವರೊಬ್ಬರನ್ನೇ. ಮಾತೆಯವರೂ "ಹೌದು" ಎಂದುಬಿಟ್ಟರೆ ಕೆಲಸ ಮುಗಿದಂತೆ.

ಸಂತರ ಬಗ್ಗೆ ಸುಯಿಂಗ್‌ಗೆ ಭಕ್ತಿಯೇನೂ ಇರಲಿಲ್ಲ. ಎಲ್ಲರಿಗೂ ಏನೋ ಒಂದು ಬೇಕಿರುತ್ತದೆ, ಈ ಮುದುಕಿಗೆ ಏನು ಬೇಕೆಂದು ತಿಳಿದರೆ ಸಾಕು ಎಂದುಕೊಂಡೇ ಒಂದು ಮುಂಜಾನೆ ಪಲ್ಲಕ್ಕಿ ಏರಿ ಬೆಟ್ಟಕ್ಕೆ ಹೊರಟಳು.

ವಿಹಾರದ ಬಾಗಿಲಲ್ಲಿ ಪರಿವಾರವನ್ನು ನಿಲ್ಲಿಸಿ ಒಳಗೆ ಹೋದವಳು, ಕೇಳುತ್ತಾ ಕೇಳುತ್ತಾ ಅಡುಗೆಮನೆಗೆ ಬಂದಳು. ಒಲೆಯ ಮುಂದಿದ್ದ ಮಾತೆಯವರು ಕತ್ತೆತ್ತಿ ನೋಡಿದರು. ರೇಷ್ಮೆಯ ಉಡುಪು, ಜಡೆಯ ಮುತ್ತುಗಳು ಯಾವುದೂ ಅವರ ಕಣ್ಣಿಗೆ ಬಿದ್ದಂತೆ ಕಾಣಲಿಲ್ಲ.

"ಮುಖ ಬಾಡಿದೆಯಲ್ಲ ಮಗಳೇ, ಏನಾದರೂ ತಿಂದೆಯಾ?" ಎಂದರು.

ಸುಯಿಂಗ್ ತಬ್ಬಿಬ್ಬಾದಳು. ಅರಮನೆಗೆ ಬಂದ ಮೇಲೆ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅಷ್ಟರಲ್ಲೇ ಶುಂಠಿ ಹಾಕಿ ಕಾಯಿಸಿದ ಬಿಸಿ ಗಂಜಿಯ ಬಟ್ಟಲು ಕೈಗೆ ಬಂದಿತ್ತು. ಅವಳು ಅದನ್ನು ಹಿಡಿದುಕೊಂಡೇ ಕುಳಿತಳು. ಬೇರೊಬ್ಬರು ರುಚಿ ನೋಡದ ಊಟವನ್ನು ಅವಳು ಬಾಯಿಗಿಟ್ಟು ಹನ್ನೊಂದು ವರ್ಷಗಳಾಗಿದ್ದವು. ಅಂತಃಪುರದಲ್ಲಿ ವಿಷಕ್ಕೆ ಹೆದರದವರು ಯಾರಿದ್ದರು?

ಮಾತೆಯವರು ಏನನ್ನೂ ಕೇಳಲಿಲ್ಲ. ಪಕ್ಕದಲ್ಲಿ ಬಂದು ಕುಳಿತು, ಅದೇ ಬಟ್ಟಲಿನಿಂದ ಒಂದು ಚಮಚ ಗಂಜಿ ತೆಗೆದು ತಾವು ಕುಡಿದರು. "ಉಪ್ಪು ಸರಿಯಾಗಿದೆ" ಎಂದು ಬಟ್ಟಲನ್ನು ಮತ್ತೆ ಅವಳ ಕಡೆಗೆ ಸರಿಸಿದರು. ಅಷ್ಟೇ. ಸುಯಿಂಗ್ ಗಂಜಿಯನ್ನು ತಳ ಕಾಣುವವರೆಗೆ ಕುಡಿದಳು. ತನಗೆ ಇಷ್ಟು ಹಸಿವಿತ್ತೆಂಬುದು ಅವಳಿಗೇ ಗೊತ್ತಿರಲಿಲ್ಲ.

ಬಾಯೊರೆಸಿಕೊಂಡು, ಸಾವರಿಸಿಕೊಂಡು, ತಾನು ಬಂದ ಕಾರಣ ಹೇಳಿದಳು. ವಿಹಾರಕ್ಕೆ ಹೊಸ ಮಂದಿರ, ಗ್ರಂಥಗಳು, ಗಂಟೆ, ಏನು ಬೇಕಾದರೂ ಮಾಡಿಸಿಕೊಡುವೆನೆಂದಳು. ಪ್ರತಿಯಾಗಿ ರಾಜಮಾತೆಯ ಮುಂದೆ ಒಂದು ಮಾತು: ಆ ಮಗುವಿನ ನಕ್ಷತ್ರ ಒಳ್ಳೆಯದಲ್ಲ ಎಂದರಾಯಿತು. "ಮಗುವಿಗೆ ಕೆಡುಕೇನೂ ಆಗುವುದಿಲ್ಲ ಮಾತೆಯವರೇ. ಗಡಿಯಲ್ಲಿ ಒಳ್ಳೆಯ ಮನೆಯಿದೆ, ನೋಡಿಕೊಳ್ಳುವವರಿದ್ದಾರೆ. ಸ್ವಲ್ಪ ದೂರ ಇರುತ್ತಾನೆ, ಅಷ್ಟೇ."

ಮಾತೆಯವರು ಅವಳ ಮಾತನ್ನು ನಡುವೆ ತಡೆಯದೆ ಕೇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಬಟ್ಟಲಿಗೆ ಗಂಜಿ ತುಂಬಿ ಅವಳ ಕೈಗೆ ಕೊಟ್ಟರು. "ಕೇಳಿಸಿತು ಮಗಳೇ. ಮೊದಲು ಇದನ್ನು ಆ ಮೂಲೆಯ ಕೋಣೆಯಲ್ಲಿರುವ ಶೆನ್ ಅಮ್ಮನಿಗೆ ಕುಡಿಸಿ ಬಾ. ಆಮೇಲೆ ಮಾತಾಡೋಣ."

ಮೂಲೆಯ ಕೋಣೆಯಲ್ಲಿ ಬೆಳ್ಳಗಿನ ಜಡೆಯ ವೃದ್ಧೆಯೊಬ್ಬಳು ಕಿಟಕಿಗೆ ಮುಖಮಾಡಿ ಹೊಲಿಯುತ್ತಾ ಕುಳಿತಿದ್ದಳು. ಮಡಿಲಲ್ಲಿ ಹತ್ತಿ ತುಂಬಿದ ಒಂದು ದಪ್ಪ ಅಂಗಿ, ಐದು ವರ್ಷದ ಮಗುವಿಗಾಗುವಷ್ಟು. ಸುಯಿಂಗ್‌ಳನ್ನು ಕಂಡದ್ದೇ ಸೂಜಿ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡಳು.

"ಅರಮನೆಯಿಂದ ಬಂದೆಯಾ? ಮಗು ಎಲ್ಲಿಯವರೆಗೆ ಹೋಯಿತು? ನದಿ ದಾಟಿತೇ?"

ಸುಯಿಂಗ್‌ಗೆ ಅರ್ಥವಾಗಲಿಲ್ಲ. "ಯಾವ ಮಗು ಅಜ್ಜೀ?"

"ನಾನು ಕಳಿಸಿದೆನಲ್ಲ, ಆ ಮಗು. ನಕ್ಷತ್ರ ಸರಿಯಿಲ್ಲ ಎಂದು ಹೇಳಿಸಿದೆನಲ್ಲ." ಮುದುಕಿ ದನಿ ತಗ್ಗಿಸಿದಳು. "ಚಳಿ ಬಹಳವಿದೆ. ತೆಳ್ಳಗಿನ ಅಂಗಿಯಲ್ಲೇ ಹೊರಡಿಸಿಬಿಟ್ಟರು. ನಾನು ನೋಡಿದೆ, ನೋಡಿಯೂ ಏನೂ ಹೇಳಲಿಲ್ಲ. ಇದು ಇವತ್ತು ಮುಗಿಯುತ್ತದೆ. ಕುದುರೆ ಸವಾರನ ಕೈಗೆ ಕೊಟ್ಟು ಕಳಿಸುತ್ತೀಯಾ? ಬೇಗ ಹೋದರೆ ಸಿಗುತ್ತಾನೆ."

"ಕಳಿಸುತ್ತೇನೆ" ಎಂದು ಸುಯಿಂಗ್ ಬಟ್ಟಲನ್ನು ಅವಳ ತುಟಿಗೆ ಹಿಡಿದಳು. ಆಮೇಲೆ ಮುದುಕಿ ಎಳೆಯ ಕೂಸಿನಂತೆ ಬಾಯಿ ತೆರೆದು, ಅವಳು ಕುಡಿಸಿದಷ್ಟೂ ಗಂಜಿಯನ್ನು ಕುಡಿದಳು.

ಅವಳು ಅಡುಗೆಮನೆಗೆ ಮರಳಿದಾಗ ಮಾತೆಯವರು ಕಾಳು ಆರಿಸುತ್ತಿದ್ದರು. ಸುಯಿಂಗ್ ನೆಲದ ಮೇಲೆಯೇ ಕುಳಿತಳು.

"ಆಕೆ ಯಾರು?"

"ಈಗಿನ ಚಕ್ರವರ್ತಿಗಳ ಅಜ್ಜನ ಕಾಲದ ರಾಣಿ. ನಿನ್ನ ಹಾಗೆಯೇ ಬಹಳ ಜಾಣೆ."

"ಆ ಮಗು?"

"ಎಂಟನೆಯ ದಿನ ದಾರಿಯಲ್ಲಿ ಜ್ವರ ಬಂತು. ನದಿ ದಾಟಲಿಲ್ಲ."

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸುಯಿಂಗ್ ಕೇಳಿದಳು, "ಮಗುವಿನ ತಾಯಿ ಏನಾದಳು?"

ಮಾತೆಯವರು ಕಾಳಿನಿಂದ ಒಂದು ಸಣ್ಣ ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟರು. "ಗಂಜಿ ಕಾಯಿಸುತ್ತಿದ್ದಾಳೆ ಮಗಳೇ" ಎಂದರು.

ಆ ಮಾತು ಸುಯಿಂಗ್‌ಳ ಒಳಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಇಳಿದ ಮೇಲೆ ಅವಳಿಂದ ಅವರ ಮುಖ ನೋಡಲಾಗಲಿಲ್ಲ. ಆ ಕೈಗಳನ್ನೇ ನೋಡಿದಳು. ಆಗ ತಾನೆ ಅವಳ ಬಟ್ಟಲಿಗೆ ಗಂಜಿ ಬಡಿಸಿದ ಕೈಗಳು, ದಿನಾ ಬೆಳಗ್ಗೆ ಶೆನ್ ಅಮ್ಮನ ಬಟ್ಟಲಿಗೂ ಬಡಿಸುವ ಕೈಗಳು.

"ನಿಮಗೆ... ನಿಮಗೆ ಸಿಟ್ಟು ಬರಲಿಲ್ಲವೇ ಅಮ್ಮಾ?"

"ಬಂತು. ಹನ್ನೆರಡು ವರ್ಷ ಇತ್ತು. ಅದನ್ನು ಹೊತ್ತುಕೊಂಡೇ ಈ ಬೆಟ್ಟ ಹತ್ತಿದೆ, ಜಪ ಮಾಡಿದೆ, ಹೋಗಲಿಲ್ಲ. ಒಂದು ದಿನ ಆಕೆಯನ್ನು ಅರಮನೆಯಿಂದ ಹೊರಹಾಕಿದರು. ಎಲ್ಲೂ ಜಾಗ ಸಿಗದೆ ಈ ಬಾಗಿಲಿಗೆ ಬಂದಳು. ನನ್ನ ಗುರುತು ಹಿಡಿದು ಅಲ್ಲೇ ಮಣ್ಣಿಗೆ ಬಿದ್ದಳು. ಹಸಿದಿದ್ದಳು. ನಾನು ಒಲೆ ಹೊತ್ತಿಸಿದೆ. ಗಂಜಿ ಕುದಿ ಬರುವ ಹೊತ್ತಿಗೆ ನೋಡುತ್ತೇನೆ, ಸಿಟ್ಟು ಇರಲಿಲ್ಲ." ಮಾತೆಯವರು ನಕ್ಕರು. "ಈಗ ಅವಳಿಗೆ ನಾನು ಯಾರೆಂಬುದೂ ಮರೆತುಹೋಗಿದೆ. ಅವಳ ಪಾಲಿಗೆ ಮಗು ಇನ್ನೂ ದಾರಿಯಲ್ಲಿದೆ. ಅಂಗಿ ಹೊಲಿಯುತ್ತಾಳೆ, ಕೆಳಗಿನ ಹಳ್ಳಿಯ ಮಕ್ಕಳೆಲ್ಲ ಚಳಿಗಾಲದಲ್ಲಿ ಬೆಚ್ಚಗಿರುತ್ತಾರೆ."

ಸುಯಿಂಗ್ ಅವರ ಪಾದಗಳ ಮೇಲೆ ಹಣೆಯಿಟ್ಟಳು. "ನಾನು ಏನು ಮಾಡಲಿ ಅಮ್ಮಾ? ಮೇಲೇರುವುದೊಂದನ್ನು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ."

ಮಾತೆಯವರು ಅವಳನ್ನು ಎಬ್ಬಿಸಿ, ಬೆಂದ ಗುರುತಿದ್ದ ಅವಳ ಬೆರಳುಗಳನ್ನು ಸವರಿದರು. "ಏರು ಮಗಳೇ, ಎಷ್ಟು ಎತ್ತರಕ್ಕೆ ಬೇಕಾದರೂ ಏರು. ಕಾಲ ಕೆಳಗೆ ಮಗುವಿದೆಯೇ ಎಂದು ಮಾತ್ರ ನೋಡಿಕೋ."

ಅಂದೇ ಮಧ್ಯಾಹ್ನ ಸುಯಿಂಗ್ ಬೆಟ್ಟವಿಳಿದಳು. ಅರಮನೆಗೆ ಬಂದವಳು ಉಡುಪನ್ನೂ ಬದಲಿಸದೆ ಜ್ಯೋತಿಷಿಯ ಬಳಿಗೆ ಹೋಗಿ ಓಲೆಯನ್ನು ಕಿತ್ತುಕೊಂಡಳು. ಅದನ್ನು ಸುಟ್ಟುಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸುಡಲಿಲ್ಲ. ನೇರವಾಗಿ ರಾಜಮಾತೆಯ ಸನ್ನಿಧಿಗೆ ಹೋಗಿ ಓಲೆಯನ್ನು ಅವರ ಮುಂದಿಟ್ಟು, ಬರೆಸಿದವಳು ತಾನೇ ಎಂದು ಹೇಳಿ, ಮಂಡಿಯೂರಿದಳು.

ರಾಜಮಾತೆ ಓಲೆಯನ್ನು ಎರಡು ಬಾರಿ ಓದಿದರು. ಅವರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು.

"ನಾಳೆ ಸಭೆಯಲ್ಲಿ ಯಾರ ಹೆಸರು ಹೇಳಬೇಕೆಂದಿದ್ದೆ, ಗೊತ್ತೇ? ನಿನ್ನದು. ರಾಜ್ಯಕ್ಕೆ ನಿನ್ನಂಥ ಬುದ್ಧಿ ಬೇಕು ಎಂದುಕೊಂಡಿದ್ದೆ."

ಸುಯಿಂಗ್‌ಗೆ ಆಗ ಹೊಳೆಯಿತು: ಯಾವ ಕುತಂತ್ರವೂ ಬೇಕಿರಲಿಲ್ಲ! ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಆದರೂ ಅವಳ ಬಾಯಿಂದ, "ಹೇಳದೆ ಇದ್ದಿದ್ದರೆ ನಾನು ಆ ಪೀಠದ ಮೇಲೆ ಕುಳಿತು ಏನಾಗುತ್ತಿದ್ದೆನೋ ನನಗೇ ಭಯ, ತಾಯೀ" ಎಂಬ ಮಾತೇ ಬಂತು.

ರಾಜಮಾತೆ ಅವಳನ್ನು ರಾಣಿಯರ ಸಾಲಿನಲ್ಲಿ ಎರಡು ಅಂತಸ್ತು ಕೆಳಗಿಳಿಸಿದರು. ಶಿಕ್ಷೆ ಅಷ್ಟಕ್ಕೇ ಮುಗಿಯಲಿಲ್ಲ. "ಇದನ್ನು ಮೆಂಗ್‌ಗೆ ನೀನೇ ಹೋಗಿ ಹೇಳಬೇಕು" ಎಂದರು.

ಸುಯಿಂಗ್ ಹೇಳಿದಳು. ಕೇಳುತ್ತಾ ಕೇಳುತ್ತಾ ರಾಣಿ ಮೆಂಗ್ ಅಂಗಳದಲ್ಲಿ ಆಡುತ್ತಿದ್ದ ರುಯಿಯನ್ನು ಕರೆದು ಗಟ್ಟಿಯಾಗಿ ಅಪ್ಪಿಕೊಂಡಳು.

"ಇದನ್ನೆಲ್ಲ ನನ್ನ ಮುಂದೆ ಯಾಕೆ ಹೇಳುತ್ತಿದ್ದೀರಿ? ಕ್ಷಮೆ ಬೇಕೇ?"

"ಕೇಳುವ ಮುಖ ನನಗಿಲ್ಲ" ಎಂದಳು ಸುಯಿಂಗ್. "ಒಂದೇ ಮಾತು. ಈ ಮಗುವಿಗೆ ಕೇಡು ಬಗೆಯುವವರು ನಾಳೆ ಇನ್ನೂ ಬರುತ್ತಾರೆ. ಅವರು ಹೇಗೆ ಯೋಚಿಸುತ್ತಾರೆ, ಯಾವ ಬಾಗಿಲಿಂದ ಬರುತ್ತಾರೆ ಎಂದು ನನ್ನಷ್ಟು ಚೆನ್ನಾಗಿ ನಿಮಗೆ ತಿಳಿಯದು. ಆ ಬಾಗಿಲಲ್ಲಿ ನಾನಿರುತ್ತೇನೆ."

ಮೆಂಗ್ ಅವಳನ್ನೇ ದಿಟ್ಟಿಸಿದಳು. ಕೊನೆಗೆ ಮಗುವನ್ನು ಅಪ್ಪಿದ್ದ ತೋಳು ಸಡಿಲವಾಯಿತು.

"ರುಯಿ," ಎಂದಳು, "ಇವರು ನಿನ್ನ ದೊಡ್ಡಮ್ಮ. ನಮಸ್ಕಾರ ಮಾಡು."

ಮಗು ಮುಂದೆ ಬಂದು, ಹೇಳಿಕೊಟ್ಟಂತೆ ಎರಡೂ ಕೈ ಜೋಡಿಸಿ ಬಾಗಿತು. ಯಾರ ಮುಂದೆಯೂ ಕಣ್ಣೀರು ಹಾಕದ ಸುಯಿಂಗ್ ಆ ಪುಟ್ಟ ತಲೆಯ ಮೇಲೆ ಕೈಯಿಟ್ಟು ಅತ್ತುಬಿಟ್ಟಳು.

ಮೆಂಗ್ ಪಟ್ಟದರಸಿಯಾದಳು. ಮುಂದೆ ರುಯಿ ಚಕ್ರವರ್ತಿಯಾದ. ಪೂಜ್ಯ ಮಾತೆಯವರು ಅಷ್ಟರೊಳಗೆ ದೇಹ ಬಿಟ್ಟಿದ್ದರು. ಆದರೆ ಕಾಲ ಕೆಳಗೆ ಮಗುವಿದೆಯೇ ನೋಡಿಕೋ ಎಂದಿದ್ದ ಅವರ ಮಾತು ಆ ಆಸ್ಥಾನದಲ್ಲಿ ಉಳಿದಿತ್ತೆಂದು ಹಿರಿಯರು ಹೇಳುತ್ತಾರೆ. ಗಡಿಯ ತಂಟೆಯಿರಲಿ, ಹಳ್ಳಿಯ ದೂರಿರಲಿ, ಮಂತ್ರಿಗಳು ಯಾವ ಪತ್ರ ತಂದರೂ ಮುದ್ರೆ ಒತ್ತುವ ಮೊದಲು ಆ ಚಕ್ರವರ್ತಿಗಳು ಕೇಳುತ್ತಿದ್ದ ಪ್ರಶ್ನೆ ಒಂದೇ ಆಗಿತ್ತಂತೆ:

"ದೊಡ್ಡಮ್ಮ ಓದಿದರೇ?"