ಕೊನೆಯ ಗರಿಯ ಕಂದು ತಿಗಣೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳು ಗಬ್ಬು ತಿಗಣೆಗಳನ್ನು ಚೆನ್ನಾಗಿ ಬಲ್ಲವರು.

ಅವರೆ ಬಳ್ಳಿಯಲ್ಲಿ ಕೂತು ರಸ ಹೀರುವ, ಮುಟ್ಟಿದರೆ ಕೈಯೆಲ್ಲ ನಾರುವ ಹುಳಗಳವು. ಜನ ಹೊಸಕಿ ಹಾಕಿ ಮೂಗು ಮುಚ್ಚಿಕೊಳ್ಳುತ್ತಾರೆ. ಗುರುಗಳು ಮಾತ್ರ ಅಂಗೈ ಮೇಲೆ ಬಿಟ್ಟುಕೊಂಡು, ಹೆಗಲು ಚೂಪೋ ದುಂಡೋ, ಮೂತಿ ದಪ್ಪವೋ ಸಣ್ಣದೋ ಎಂದು ನೋಡಿ, ವಿಂಗಡಿಸಿ ಓಲೆಗರಿಯಲ್ಲಿ ಬರೆದಿಟ್ಟಿದ್ದರು. ಒಂದು ಬಗೆಗೆ ಒಂದು ಗರಿ.

ಕೊನೆಯ ಗರಿಯ ಹುಳಕ್ಕೆ ತಮ್ಮ ಗುರುಗಳಾದ ಸಿದ್ಧಮಲ್ಲಯ್ಯನವರ ಹೆಸರಿಟ್ಟಿದ್ದರು. ಆ ಹಿರಿಯರು ತೀರಿಕೊಂಡ ಚಳಿಗಾಲದಲ್ಲಿ ಮರದ ತೊಗಟೆಯ ಕೆಳಗೆ ಸಿಕ್ಕ ಕಂದು ತಿಗಣೆ ಅದು. ನಾರುವ ಹುಳಕ್ಕೆ ಗುರುವಿನ ಹೆಸರೇ ಎಂದು ನಗುವವರು ನಗಲಿ. ಗುರುದಕ್ಷಿಣೆಗೆಂದು ಅವರ ಕೈಯಲ್ಲಿ ಬೇರೇನೂ ಇರಲಿಲ್ಲ.

ಗರಿಗಳು ಹಳತಾಗಿ ಮುರಿಯತೊಡಗಿದವು. ಹೊಸದಾಗಿ ಬರೆದಿಡುವ ಕೆಲಸ ಹೊನ್ನಯ್ಯನೆಂಬ ಶಿಷ್ಯನ ಪಾಲಿಗೆ ಬಂತು. ಹುಳವನ್ನು ಕಣ್ಣಾರೆ ನೋಡದೆ ಅದರ ಗರಿ ಬರೆಯಕೂಡದೆಂದು ಗುರುಗಳು ಕಟ್ಟಪ್ಪಣೆ ಮಾಡಿದ್ದರು. ಹೊನ್ನಯ್ಯ ಚಳಿಗಾಲದಲ್ಲಿ ಮೂರು ಕಂದು ತಿಗಣೆ ಹುಡುಕಿ ತಂದ. ಬೇರೆಯವುಗಳ ಜೊತೆ ಬೆರೆಯದಿರಲೆಂದು ಬೆನ್ನಿಗೆ ಸುಣ್ಣದ ಬೊಟ್ಟಿಟ್ಟು, ಮಡಕೆಯಲ್ಲಿ ಸಾಕಿದ. ದಿನಾ ಅವರೆಕಾಯಿ ಹಾಕಿದ.

ಬಿಸಿಲು ಏರಿತು. ಕಂದು ಬಣ್ಣ ಸ್ವಲ್ಪಸ್ವಲ್ಪವಾಗಿ ಮಾಸುತ್ತ ಬಂದು, ಹದಿನೈದು ದಿನದಲ್ಲಿ ಮೂರೂ ಹಸಿರಾದವು. ಬೊಟ್ಟು ಬೆನ್ನ ಮೇಲೇ ಇತ್ತು. ಬಳ್ಳಿಬಳ್ಳಿಗೂ ಕಾಣುವ, ಮೊದಲನೆಯ ಗರಿಯ ಮಾಮೂಲಿ ಹಸಿರು ತಿಗಣೆಯೇ ಅದು.

ಹೊನ್ನಯ್ಯ ಮಡಕೆಯ ಬಾಯಿ ಮುಚ್ಚಿಟ್ಟ. ನಿಜ ಹೇಳಿದರೆ ಹಿರಿಯರ ಹೆಸರೇ ಅಳಿಯುತ್ತದೆ. ಹೇಳದೆ ಬರೆದರೆ ಮುಂದೆ ಓದುವವರಿಗೆಲ್ಲ ಸುಳ್ಳು ದಾಟುತ್ತದೆ. ದಿಕ್ಕಿಲ್ಲದೆ ಬಂದ ತನಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟವರ ಮನಸ್ಸು ನೋಯಿಸಲು ಅವನಿಗೆ ಬಾಯಿ ಬರಲಿಲ್ಲ.

ಉಳಿದ ಗರಿಗಳೆಲ್ಲ ಮುಗಿದವು. ಕೊನೆಯದು ಹಾಗೇ ಉಳಿಯಿತು. ಗುರುಗಳು ವಿಚಾರಿಸಿದಾಗ ಒಮ್ಮೆ ಗರಿಯ ಮೇಲೆ ಬರೆಯುವ ಕಬ್ಬಿಣದ ಕಡ್ಡಿ ಮೊಂಡಾಗಿದೆ ಎಂದ, ಇನ್ನೊಮ್ಮೆ ಕೈನೋವು ಎಂದ.

ಗುರುಗಳು ಅವನ ಕೈ ಹಿಡಿದು ಮೂಸಿದರು.

"ಬರೆಯಲು ನೋಯುವ ಕೈ ಹುಳ ಹಿಡಿಯಲು ನೋಯುವುದಿಲ್ಲವೇನೋ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೊನ್ನಯ್ಯ ಅದನ್ನು ನುಂಗಿಕೊಂಡು ಹೋಗಿ ಮಡಕೆ ತಂದು ಮುಂದಿಟ್ಟ.

ಗುರುಗಳು ಒಂದು ಹುಳವನ್ನು ಅಂಗೈಗೆ ತೆಗೆದುಕೊಂಡು ಸುಣ್ಣದ ಬೊಟ್ಟನ್ನು ನೋಡಿದರು.

"ಇದನ್ನಿಟ್ಟಾಗ ಯಾವ ಬಣ್ಣವಿತ್ತು?"

"ಕಂದು, ಗುರುಗಳೇ. ಮೂರೂ ಕಂದೇ."

"ಗೊತ್ತಾಗಿ ಎಷ್ಟು ದಿನವಾಯಿತು?"

"ಎಂಟು ದಿನ. ತಮಗೆ ಹೇಳಲು ಧೈರ್ಯ ಸಾಲಲಿಲ್ಲ."

ಗುರುಗಳು ಹುಳವನ್ನು ಮಗುಚಿ ಹೆಗಲನ್ನೂ ಮೂತಿಯನ್ನೂ ನೋಡಿದರು. ಹುಳ ಬೆದರಿ ನಾತ ಬಿಟ್ಟಿತು. ಅವರು ಕೈ ಕೊಡವಲಿಲ್ಲ.

"ಬಣ್ಣವನ್ನು ಕೊನೆಗೆ ನೋಡಿ ಎಂದು ನಿಮಗೆಲ್ಲ ಹೇಳುವವನು ನಾನು," ಎಂದರು. "ಆ ಚಳಿಗಾಲ ನನ್ನ ಕಣ್ಣ ತುಂಬ ನೀರಿತ್ತು. ಬಣ್ಣವೊಂದೇ ಕಂಡಿತು."

ಹಳೆಯ ಕಟ್ಟು ಬಿಚ್ಚಿ ಕೊನೆಯ ಗರಿಯನ್ನು ತೆಗೆದರು. ಅದರ ಮೇಲಿನ ಹೆಸರನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಹೊಳೆಗೆ ಬಿಟ್ಟರು. ಹಸಿರು ತಿಗಣೆಯ ಹೊಸ ಗರಿಯಲ್ಲಿ, ಚಳಿಗೆ ಇದು ಕಂದಾಗುತ್ತದೆ, ಬಿಸಿಲಿಗೆ ಮತ್ತೆ ಹಸಿರಾಗುತ್ತದೆ, ಇದನ್ನು ಕಂಡವನು ಹೊನ್ನಯ್ಯ ಎಂದು ಅವನ ಕೈಯಿಂದಲೇ ಬರೆಸಿದರು.

ಬರೆದು ಮುಗಿಸುವಾಗ ಹೊನ್ನಯ್ಯನಿಗೆ ಅಳು ತಡೆಯಲಾಗಲಿಲ್ಲ.

"ದೊಡ್ಡ ಗುರುಗಳ ಹೆಸರು ನನ್ನಿಂದ ಹೋಯಿತಲ್ಲ, ಗುರುಗಳೇ."

ಗುರುಗಳು ಎದ್ದು, ಆ ಶಿಷ್ಯನ ಎದುರು ನಿಂತು, ನಾರುವ ಕೈಗಳನ್ನೇ ಜೋಡಿಸಿದರು.

"ಅವರಿದ್ದಷ್ಟು ದಿನ ನನ್ನ ತಪ್ಪನ್ನು ನನಗೆ ತೋರಿಸುತ್ತಿದ್ದರು. ಹೋದ ಮೇಲೆ ತೋರಿಸುವವರೇ ಇರಲಿಲ್ಲ ಕಣೋ. ಇವತ್ತು ಬಂದರು."