ಕೆಂಜಿಗೆ ಅಂದಿದ್ದಕ್ಕೆ ಆನೆ ಕಾಲು

“ಕೇಳ್ರಪ್ಪೋ ಕೇಳ್ರಿ! ದೊರೆಮಗಳು ಮೂರು ಒಗಟು ಹಾಕ್ತಾಳೆ! ಮೂರೂ ಬಿಡಿಸಿದೋನಿಗೆ ಅವಳನ್ನ ಕೊಟ್ಟು ಮದುವೆ, ಜೊತೆಗೆ ಅರಮನೆ ತೋಟ! ಒಂದು ತಪ್ಪಿದ್ರೂ ಹೊತ್ತು ಮುಳುಗೋದ್ರೊಳಗೆ ಆನೆ ಕಾಲಡಿ ಸಾವು!”

ಹೀಗಂತ ಡಂಗುರ ಹೊಡೆದಾಗ ನಾನು ಸುಮ್ನೆ ಬೆರಣಿ ತಟ್ಕೊಂಡು ಕೂತಿರಬೇಕಿತ್ತು. ಕೂತಿರಲಿಲ್ಲ. “ನಮ್ಮ ಪಕ್ಕದ್ಮನೆ ಬೋರವ್ವನ ಮಗ ಸಣ್ಣೀರ ಇದಾನಲ್ಲ, ಬೇಲಿಗಿಡ ಬೆಳೆಸೋನು, ಎಂಥ ಒಗಟಾದ್ರೂ ಚಿಟಿಕೆ ಹೊಡೆಯೋದ್ರಲ್ಲಿ ಬಿಡಿಸ್ತಾನೆ” ಅಂತ ಡಂಗುರದೋನ ಹತ್ರ ಬಾಯಿ ಬಿಟ್ಟೆ. ಅಷ್ಟೇ. ಮಧ್ಯಾಹ್ನಕ್ಕೆ ಇಬ್ರು ಭಟರು ಬಂದು ಅವನ ರಟ್ಟೆ ಹಿಡಿದ್ರು. ಬೀಜಕ್ಕೆ ಅಂತ ಕಿತ್ತಿದ್ದ ಒಣಕಾಯಿ ಕೈಲಿತ್ತು, ಅದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ಹೊರಟ.

“ನಿನ್ನ ನಾಲಗೆಗೆ ಹುಳ ಬೀಳ! ಒಬ್ಬನೇ ಮಗ ಕಣೇ ನಂಗೆ!” ಅಂದ್ಳು ಬೋರವ್ವ.

ಅವಳು ಮಗನ ಹಿಂದೆ ಓಡಿದ್ಳು. ನಾನು ಅವಳ ಹಿಂದೇನೇ ಓಡ್ದೆ.

ಅರಮನೆ ಅಂಗಳದಲ್ಲಿ ಆನೆ ಕಟ್ಟಿದ್ರು. ಅದು ಕಾಲು ಎತ್ತಿಟ್ಟಾಗೆಲ್ಲ ಕೊರಳ ಗಂಟೆ ಢಣ್ ಅನ್ನೋದು.

ದೊರೆಮಗಳು ಉತ್ತರ ಬರೆದ ಓಲೆ ಹಿಡ್ಕೊಂಡು ಕೂತಿದ್ಳು. “ಸುಮ್ನೆ ಹೂತ್ರೆ ಕಲ್ಲು, ಬಿಸಿನೀರು ಹುಯ್ದ್ರೆ ಕೂಸು. ಏನದು?”

ಜರತಾರಿ ರುಮಾಲಿನ ಸರದಾರ ಮೀಸೆ ತೀಡಿದ. “ಕೋಳಿಮೊಟ್ಟೆ!”

“ಬೇಯಿಸಿದ ಮೊಟ್ಟೇಲಿ ಮರಿ ಮಾಡೋ ಕೋಳಿ ನಿಮ್ಮನೇಲಿದ್ಯಾ?”

ನಗು ಬರಬೇಕಿತ್ತು. ಅವನ ಕೈಗೆ ಹಗ್ಗ ಬಿಗಿದಿದ್ದು ನೋಡಿ ಬರಲಿಲ್ಲ.

“ಅದು ಹಂಗಿರ್ಲಿ. ಒಂದು ತಲೆ ಕಡಿದ್ರೆ ನಾಕು ತಲೆ. ಕಡಿದೋನೇ ನೀರು ಕುಡಿಸ್ತಾನೆ. ಯಾರದು?”

“ರಾವಣ!” ಅಂದ ಪಾಳೇಗಾರನ ಮಗ. ಅವನಿಗೂ ಹಗ್ಗ.

“ಕೊನೇದು. ಹೊತ್ತು ಮುಳುಗಿದ್ರೆ ಕೈ ಮುಗೀತಾಳೆ, ಬಿಸಿಲೇರಿದ್ರೆ ಹೊಟ್ಟೆ ಒಡ್ಕೊಂಡು ಮಕ್ಕಳನ್ನ ಎಸೀತಾಳೆ. ಅವಳ ಹೆಸರೇನು?”

ಒಗಟು ಬಿಡಿಸೋಕೆ ಬಂದಿದ್ದ ಉಳಿದೋರೆಲ್ಲ ಹಿಂದಕ್ಕೆ ಸರಿದ್ರು. ಭಟರು ಸಣ್ಣೀರನ್ನ ಮುಂದಕ್ಕೆ ತಳ್ಳಿದ್ರು.

“ಮೊದಲನೇದು ಬೀಜ, ತಾಯೀ. ಸಿಪ್ಪೆ ಬಲು ಗಟ್ಟಿ. ಬಿಸಿನೀರು ಹುಯ್ದು ನೆನೆಸದೆ ಹೂತ್ರೆ ಮೊಳಕೇನೇ ಬರಾಕಿಲ್ಲ. ಎರಡನೇದು ಗಿಡ. ಹೂ ಮುಗಿದ್ಮೇಲೆ ಸವರಿ ನೀರು ಹಾಕಿದ್ರೆ ಕಡಿದ ಕಡೆ ನಾಕು ಚಿಗುರು ಒಡೀತವೆ. ಮೂರನೇದೂ ಅದೇ ಗಿಡ. ಸಂಜೆಗೆ ಎಲೆ ಮಡಚ್ಕೋತದೆ, ಒಣಗಿದ ಕಾಯಿ ಬಿಸಿಲಿಗೆ ಸಿಡೀತದೆ. ಹೆಸರು ಕೆಂಜಿಗೆ.”

ದೊರೆಮಗಳು ಓಲೆ ನೋಡಿದ್ಳು. ಮುಖ ಬಿಳಿಚ್ಕೊಂಡ್ತು.

“ತಪ್ಪು. ಇಲ್ಲಿರೋದು ರತ್ನಗಂಧಿ.”

ಢಣ್.

ಬೋರವ್ವ ಕೂತಲ್ಲೇ ಕುಸಿದ್ಳು. ಭಟ ಸಣ್ಣೀರನಿಗೂ ಹಗ್ಗ ತಂದ. ನಾನು ಬೋರವ್ವನ್ನ ಹಿಡ್ಕೊಂಡೆ.

ಆಗ ‘ಚಟ್’ ಅಂತು. ಸಣ್ಣೀರನ ಸೊಂಟದಲ್ಲಿದ್ದ ಕಾಯಿ ಬಿಸಿಲಿಗೆ ಸಿಡಿದು, ಒಂದು ಬೀಜ ನೆಟ್ಟಗೆ ದೊರೆ ಪಕ್ಕ ಕೂತಿದ್ದ ಮಂತ್ರಿ ಮೂಗಿಗೆ!

“ಇದೇ ತಾಯೀ!” ಅಂತ ಚೀರಿದ ಸಣ್ಣೀರ. “ನಮ್ಮ ಕೇರಿಲಿ ಇದನ್ನೇ ಕೆಂಜಿಗೆ ಅನ್ನೋದು. ನಿಮ್ಮ ರತ್ನಗಂಧಿ ಕಾಯಿ ತರಿಸಿ ನೋಡಿ, ಆಮೇಲೆ ಕೊಲ್ಲಿ!”

ದೊರೆಮಗಳು ಇನ್ನೊಬ್ಬರನ್ನ ಕಳಿಸಲಿಲ್ಲ. ತಾನೇ ತೋಟಕ್ಕೆ ಓಡಿ ಕಾಯಿ ಕಿತ್ತು ತಂದು ಎಲ್ಲರ ಮುಂದೆ ಹಿಸುಕಿದ್ಳು. ಅದೇ ಕಾಯಿ, ಅದೇ ಚಪ್ಪಟೆ ಬೀಜ.

“ಗಿಡ ಒಂದೇ. ತಪ್ಪು ನನ್ನ ಓಲೇದು” ಅಂತ ಓಲೆ ಹರಿದುಹಾಕಿದ್ಳು. ಅಲ್ಲಾ, ರತ್ನವೂ ಇಲ್ಲ, ಗಂಧವೂ ಇಲ್ಲ, ಆ ಹೆಸರಿಟ್ಟೋನು ಯಾವನೋ!

ದೊರೆ ತೋಟವನ್ನೂ ಮಗಳನ್ನೂ ಕೊಟ್ಟ. ಸಣ್ಣೀರ ಅದಕ್ಕೂ ಮೊದಲು ದೊರೇನ ಕೇಳ್ಕೊಂಡು ಆ ಇಬ್ಬರ ಹಗ್ಗ ಬಿಚ್ಚಿಸಿ, ಆನೇನ ಮರ ಎಳೆಯೋಕೆ ಕಳಿಸ್ದ.

ಬೋರವ್ವ ಅರಮನೆ ಸೇರೋ ಮುಂಚೆ ನಮ್ಮಿಬ್ಬರ ನಡುವಿನ ಬೇಲಿಗೆ ಒಂದು ಕೆಂಜಿಗೆ ಗಿಡ ನೆಟ್ಟು ಹೋದ್ಳು. “ಇದರ ಎಲೆ ಮುಚ್ಕೊಂಡಾಗ ನೀನೂ ಬಾಯಿ ಮುಚ್ಚು ಕಣೇ” ಅಂದ್ಳು.

ಮುಚ್ತೀನಿ. ಎಲೆ ಬಿಚ್ಕೊಳ್ಳೋವರೆಗೆ.