ಮೊಮ್ಮಗಳ ನಗು ಬರುವ ದಾರಿ

ಕೇಳಿ, ನೇಕಾರರ ಓಣಿಯ ನೀಲವ್ವನಿಗೆ ಒಬ್ಬನೇ ಮಗ, ಹೆಸರು ಬನಪ್ಪ. ನೇಕಾರರ ಸಂಘದಲ್ಲಿ ಜವಾನ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ನೀಲವ್ವನಿಗೆ ತಲೆನೋವು.

ಮಗಳು ಶಂಕ್ರವ್ವನನ್ನು ಸೂರತ್ತಿಗೆ ಕೊಟ್ಟಿದ್ದಳು. ಮೊಮ್ಮಗಳಿಗೆ ಎರಡು ವರ್ಷ ತುಂಬಿದರೂ ನೀಲವ್ವ ಅದರ ನಗು ಕಂಡಿರಲಿಲ್ಲ. ಫೋನಿನಲ್ಲಿ ಕೂಸು ಬಾಯಿ ತೆರೆಯುತ್ತಿತ್ತು, ಚಿತ್ರ ಅಲ್ಲೇ ನಿಲ್ಲುತ್ತಿತ್ತು. ನಗುತ್ತದೋ ಅಳುತ್ತದೋ ತಿಳಿಯದೆ ಮುದುಕಿಯ ಜೀವ ಚಡಪಡಿಸುತ್ತಿತ್ತು.

ಎಲ್ಲರ ಫೋನುಗಳೂ ಒಂದೇ ದಾರಿಯಲ್ಲಿ ಹೋಗುತ್ತವೆ, ದಾರಿಯಲ್ಲಿ ಗದ್ದಲ, ಅದಕ್ಕೇ ಹೀಗೆ ಅಂದರು ಸಂಘದ ಮ್ಯಾನೇಜರ್ ಹಿರೇಮಠರು. ಆ ಗದ್ದಲ ಒಂದಿಷ್ಟು ಕಡಿಮೆ ಮಾಡಪ್ಪಾ ಅಂದಳು ನೀಲವ್ವ ಮಗನಿಗೆ, ಬಾಯಿಮಾತಿಗೆ. ಬನಪ್ಪ ಓಣಿಗೆ ಅಡ್ಡ ನಿಂತು ಟ್ರ್ಯಾಕ್ಟರು, ಚಕ್ಕಡಿ, ಎಮ್ಮೆ ಎಲ್ಲವನ್ನೂ ತಡೆದ. ಓಣಿಯವರು ಬೈದರು. ಚಿತ್ರ ಮಾತ್ರ ನಿಂತಲ್ಲೇ ನಿಂತಿತ್ತು.

"ಹುಚ್ಚಪ್ಯಾಲಿ, ಯಾರಿಗೂ ಅಡ್ಡ ನಿಲ್ಲಬ್ಯಾಡ. ಬಂದವರಿಗೆ ದಾರಿ ಬಿಡು" ಅಂದಳು ನೀಲವ್ವ.

ಸಂಘದ ಸೀರೆ ವಿನ್ಯಾಸಗಳೆಲ್ಲ ಎಲ್ಲೋ ದೂರದ ಕಂಪ್ಯೂಟರಿನಲ್ಲಿ, ಕ್ಲೌಡ್ ಅನ್ನುವಲ್ಲಿ ಇದ್ದವು. ಅವು ತಡೆಯಿಲ್ಲದೆ ಬರಲಿ ಅಂತ ಸಂಘದವರು ಸೂರತ್ತಿನ ತಮ್ಮ ಅಂಗಡಿಯವರೆಗೂ ತಮ್ಮದೇ ಒಂದು ಲೈನ್ ಮಾಡಿಸಿದ್ದರು. ಅದರಲ್ಲಿ ಬೇರೆಯವರ ಓಡಾಟವಿಲ್ಲ. ಅಳಿಯನ ಕೆಲಸ ಆ ಅಂಗಡಿಯಲ್ಲೇ. ನೀಲವ್ವನ ಸಂಕಟ ನೋಡಲಾರದೆ ಹಿರೇಮಠರು, ಶನಿವಾರ ಊಟದ ಹೊತ್ತಿಗೆ ಬಂದು ಈ ಲೈನಿನಲ್ಲೇ ಕೂಸನ್ನು ನೋಡವ್ವ ಅಂದರು.

ನೀಲವ್ವ ಪೆಟ್ಟಿಗೆಯ ಸೀರೆ ಉಟ್ಟು ಬಂದಳು. ಕೂಸು ಬಂತು, ಕಣ್ಣು ಪಿಳುಕಿಸಿತು, ಬಾಯಿ ತೆರೆಯಿತು. ಅಷ್ಟರಲ್ಲಿ ಬನಪ್ಪ ಬಂದವರಿಗೆಲ್ಲ ದಾರಿ ಬಿಟ್ಟಿದ್ದ, ಕೇಳಿದವರಿಗೆಲ್ಲ ಪಾಸ್‌ವರ್ಡ್ ಹೇಳಿದ್ದ. ಓಣಿಯ ಮೂವತ್ತು ಮಂದಿ ಅದೇ ಲೈನಿನಲ್ಲಿ ಸಿನಿಮಾ ನೋಡುತ್ತಿದ್ದರು. ಚಿತ್ರ ನಿಂತಿತು. ವಿನ್ಯಾಸ ಬಾರದೆ ಮಗ್ಗಗಳೂ ನಿಂತವು.

ಹಿರೇಮಠರು ಉಗಿದರು, ಪಾಸ್‌ವರ್ಡ್ ಬದಲಿಸಿದರು, ಇನ್ನೊಂದೇ ಸಲ ಅಂದರು. ನೀಲವ್ವ ಮಗನ ಕೈ ಹಿಡಿದಳು.

"ನೋಡಪಾ, ಸಂಘದ ಪಟ್ಟಿಯೊಳಗ ಹೆಸರಿಲ್ಲದವರನ್ನ ಒಳಗ ಬಿಡಬ್ಯಾಡ. ಒಳಗಿಂದು ಹೊರಗಿನವರಿಗೆ ಹೇಳಬ್ಯಾಡ. ನನ್ನ ಮ್ಯಾಲೆ ಆಣಿ ಮಾಡು."

ಬನಪ್ಪ ಆಣೆ ಮಾಡಿದ.

ಮುಂದಿನ ಶನಿವಾರ ಹಿರೇಮಠರು ಲೈನ್ ಹಚ್ಚಿಕೊಟ್ಟು ಊಟಕ್ಕೆ ಹೋದರು. ನೀಲವ್ವ ಓಡೋಡಿ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ.

"ಪಟ್ಟಿಯೊಳಗ ಸತ್ತ ಅಪ್ಪನ ಹೆಸರೈತಿ ಯವ್ವಾ. ನಿಂದಿಲ್ಲ" ಅಂದ ಬನಪ್ಪ ಒಳಗಿನಿಂದಲೇ.

ಬೇಡಿಕೊಂಡಳು, ಬೈದಳು, ಬಾಗಿಲು ಬಡಿದಳು. ಕೊನೆಗೆ ಕಿಟಕಿಗೆ ಬಂದಳು. ಅಲ್ಲಿಂದ ಕಂಡದ್ದು ಕಂಪ್ಯೂಟರಿನ ಬೆನ್ನು, ಅದರಾಚೆ ಮಗನ ಮುಖ. ಮಗ್ಗಗಳ ಸದ್ದಿನಲ್ಲಿ ಕೂಸಿನ ದನಿ ಕೇಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಬನಪ್ಪನ ಮುಖ ಅರಳಿತು. ಅವನು ಚಪ್ಪಾಳೆ ತಟ್ಟಿ ನಕ್ಕ.

"ನಕ್ಕಿತೇನೋ ಬನ್ಯಾ? ಕೂಸು ನಕ್ಕಿತೇನೋ?"

ಹೇಳಲು ಹೊರಟವನಿಗೆ ಆಣೆ ನೆನಪಾಯಿತು. ಗಬಕ್ಕನೆ ಬಾಯಿ ಮುಚ್ಚಿಕೊಂಡ. ಆದರೂ ಮುಖ ನಗುತ್ತಲೇ ಇತ್ತು. ಅದನ್ನು ನೋಡಿದ ನೀಲವ್ವನ ಮುಖದಲ್ಲೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಯ್ಯೋ, ಒಳಗಿಂದು ಹೊರಗೆ ಗೊತ್ತಾಗುತ್ತಿದೆಯಲ್ಲ ಅಂದುಕೊಂಡ ಬನಪ್ಪ ಎದ್ದು ಬಂದು ಕಿಟಕಿಯನ್ನೂ ಮುಚ್ಚಿದ.